ರಸ್ತೆ ಸುರಕ್ಷತೆ: ಕಾರು ಚಾಲಕ, ಬೈಕ್ ಸವಾರ ಮತ್ತು ವರ್ತಕನ ಪಾಲು

ಪೀಣ್ಯವಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಾಗಲಿ, ಬೆಳಗಾವಿಯ ಉದ್ಯಮಬಾಗವಾಗಲಿ, ಸಂಜೆ ಪಾಳಿ ಬಿಡುವ ವೇಳೆಗೆ ಕೈಗಾರಿಕಾ ಪ್ರದೇಶದ ಮುಖ್ಯರಸ್ತೆಯಲ್ಲಿ ಕಾಣುವ ನೋಟ ಒಂದೇ. ಕಾರ್ಖಾನೆಯ ಗೇಟಿನಿಂದ ಮೊದಲು ಬೈಕುಗಳು ಗುಂಪುಗುಂಪಾಗಿ ಹೊರಬೀಳುತ್ತವೆ. ಅವುಗಳ ಹಿಂದೆಯೇ ಮಾಲೀಕರ ಅಥವಾ ವ್ಯವಸ್ಥಾಪಕರ ಕಾರು ಹಾರನ್ ಹಾಕುತ್ತ ದಾರಿ ಕೇಳುತ್ತದೆ. ಐದು ನಿಮಿಷಗಳ ಹಿಂದೆ ಒಂದೇ ಸೂರಿನಡಿ ಒಂದೇ ಆರ್ಡರಿಗಾಗಿ ದುಡಿಯುತ್ತಿದ್ದವರು ರಸ್ತೆಗಿಳಿದ ಕ್ಷಣದಿಂದ ಎರಡು ಪಕ್ಷಗಳಾಗಿಬಿಡುತ್ತಾರೆ. ಕಾರಿನೊಳಗಿರುವವರ ದೃಷ್ಟಿಯಲ್ಲಿ ಬೈಕಿನವರು ಶಿಸ್ತಿಲ್ಲದವರು, ಸಂದಿ ಕಂಡಲ್ಲಿ ನುಗ್ಗುವವರು. ಬೈಕಿನವರ ದೃಷ್ಟಿಯಲ್ಲಿ ಕಾರಿನವರು ರಸ್ತೆಯನ್ನು ಸ್ವಂತದ್ದೆಂದು ತಿಳಿದವರು, ಪಕ್ಕದಲ್ಲಿ ಯಾರಿದ್ದಾರೆಂದು ನೋಡದೆ ತಿರುಗಿಸುವವರು. ಎರಡೂ ದೂರಿನಲ್ಲಿ ಸತ್ಯಾಂಶವಿರುವುದರಿಂದಲೇ ಈ ಜಗಳ ಮುಗಿಯುವುದಿಲ್ಲ.

ವರ್ತಕ ಸಮುದಾಯ ಈ ಜಗಳವನ್ನು ಬೇಸರದಿಂದ ನೋಡಿ ಸುಮ್ಮನಾಗುವಂತಿಲ್ಲ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾರ್ಷಿಕ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ದಿನವೊಂದಕ್ಕೆ ಸುಮಾರು 460 ಸಾವು. ಅವರಲ್ಲಿ ಶೇ. 44.5ರಷ್ಟು ಜನ ದ್ವಿಚಕ್ರ ವಾಹನಗಳಲ್ಲಿದ್ದವರು. ಕಾರು, ಟ್ಯಾಕ್ಸಿ, ವ್ಯಾನ್‌ಗಳಲ್ಲಿದ್ದವರ ಪ್ರಮಾಣ ಶೇ. 12.5. ವಯಸ್ಸಿನ ಲೆಕ್ಕ ತೆಗೆದರೆ ಮೃತರಲ್ಲಿ ಶೇ. 83.4ರಷ್ಟು ಮಂದಿ 18ರಿಂದ 60 ವರ್ಷದೊಳಗಿನವರು, ಅಂದರೆ ದುಡಿಯುವ ವಯಸ್ಸಿನವರು. ದಿನದ ಎಲ್ಲ ವೇಳೆಗಳಲ್ಲಿ ಅತಿ ಹೆಚ್ಚು ಅಪಘಾತಗಳು ನಡೆಯುವುದು ಸಂಜೆ ಆರರಿಂದ ಒಂಬತ್ತು ಗಂಟೆಯ ನಡುವೆ ಎಂಬುದು ಈ ವರದಿಗಳಲ್ಲಿ ವರ್ಷ ವರ್ಷವೂ ಕಂಡುಬರುವ ಅಂಶ. ಕಾರ್ಖಾನೆ ಬಿಡುವ, ಅಂಗಡಿ ಬಾಗಿಲು ಹಾಕುವ, ಕೊನೆಯ ಸರಕನ್ನು ಗಿರಾಕಿಗೆ ಮುಟ್ಟಿಸುವ ಹೊತ್ತೂ ಅದೇ. ಲೇತ್ ಯಂತ್ರದ ಮುಂದೆ ಕಣ್ಣಿಗೆ ಗಾಗಲ್ಸ್, ಪ್ರೆಸ್ಸಿಗೆ ಗಾರ್ಡ್ ಕಡ್ಡಾಯ ಮಾಡಿರುವ ಮಾಲೀಕರು ತಮ್ಮ ನುರಿತ ಕೆಲಸಗಾರನನ್ನು ಕಳೆದುಕೊಳ್ಳುವ ಸಂಭವ ಹೆಚ್ಚಾಗಿರುವುದು ಗೇಟಿನ ಹೊರಗೆ.

ಹೊಣೆ ಯಾರದು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ "ಇಬ್ಬರದೂ" ಎಂದು. ಉತ್ತರ ಸರಿಯೇ, ಆದರೆ ಅಪೂರ್ಣ. ಪಾಲುದಾರಿಕೆ ವ್ಯವಹಾರ ಬಲ್ಲವರಿಗೆ ಪಾಲು ಎಂದರೆ ಸಮಪಾಲು ಎಂದಲ್ಲ ಎಂಬುದು ಗೊತ್ತು. ಬಂಡವಾಳ ಹೆಚ್ಚು ಹಾಕಿದವನು ನಷ್ಟದಲ್ಲೂ ಹೆಚ್ಚು ಹೊರಬೇಕಾಗುತ್ತದೆ. ರಸ್ತೆಯ ಪಾಲುದಾರಿಕೆಯಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಅಲ್ಲಿ ನಷ್ಟವನ್ನೆಲ್ಲ ಹೊರುವವನು ಕಡಿಮೆ ಬಂಡವಾಳದವನು. ಸುಮಾರು 1,200 ಕಿಲೋ ತೂಕದ ಸಾಧಾರಣ ಕಾರು ಎದುರಿನಿಂದ ಬರುವ, ಇಬ್ಬರು ಕುಳಿತಿರುವ, ಒಟ್ಟು 250 ಕಿಲೋ ತೂಗುವ ಬೈಕಿಗೆ ಡಿಕ್ಕಿ ಹೊಡೆದರೆ, ಕಾರಿನ ವೇಗದಲ್ಲಾಗುವ ಹಠಾತ್ ಬದಲಾವಣೆಗಿಂತ ಬೈಕಿನದು ಹೆಚ್ಚುಕಡಿಮೆ ಐದು ಪಟ್ಟು. ತೂಕದ ಅನುಪಾತ ಎಷ್ಟೋ ಪೆಟ್ಟಿನ ಅನುಪಾತವೂ ಅಷ್ಟೇ; ಯಂತ್ರೋದ್ಯಮಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಪ್ಪು ಯಾರದೇ ಆಗಿರಲಿ, ಬೀಳುವವನು ಬೈಕಿನವನೇ. ಆದಕಾರಣ ಎಚ್ಚರ ವಹಿಸುವ ಕರ್ತವ್ಯದಲ್ಲಿ ಭಾರಿ ವಾಹನದವನ ಪಾಲು ದೊಡ್ಡದಾಗಿರಬೇಕಾದುದು ನ್ಯಾಯ.

ಕಾರು ಚಾಲಕನ ತಪ್ಪುಗಳಲ್ಲಿ ಬಹುಪಾಲು ದುರುದ್ದೇಶದವಲ್ಲ, ಕಾಣದಿರುವುದರಿಂದ ಆಗುವಂಥವು. ಗಾಳಿಗಾಜಿನ ಇಕ್ಕೆಲದ ಕಂಬಗಳು ತಿರುವಿನಲ್ಲಿ ಒಂದು ಇಡೀ ಬೈಕನ್ನು ಮರೆಮಾಡಬಲ್ಲವು. ಪಕ್ಕದ ಕನ್ನಡಿಯಲ್ಲಿ ಬಾರದ ಒಂದು ತುಂಡು ರಸ್ತೆ ಪ್ರತಿ ಕಾರಿನ ಪಕ್ಕದಲ್ಲೂ ಇರುತ್ತದೆ. ಎಡಗಡೆಯಿಂದ ಮುಂದೆ ಹೋಗುವ ಬೈಕಿನವನು ಇರುವುದು ಸರಿಯಾಗಿ ಅಲ್ಲಿಯೇ. ಇದಕ್ಕಿಂತ ಸೂಕ್ಷ್ಮವಾದ ಸಂಗತಿಯೊಂದಿದೆ. ದೂರದಿಂದ ಬರುವ ಲಾರಿಯ ವೇಗವನ್ನು ಕಣ್ಣು ಒಂದು ಮಟ್ಟಿಗೆ ಅಂದಾಜು ಮಾಡುತ್ತದೆ. ಆದರೆ ಮುಂಭಾಗ ಕಿರಿದಾದ ಬೈಕು ಇರುವುದಕ್ಕಿಂತ ದೂರದಲ್ಲಿ, ನಿಧಾನವಾಗಿ ಬರುತ್ತಿರುವಂತೆ ತೋರುತ್ತದೆ. ಬಲಕ್ಕೆ ತಿರುಗುವ ಕಾರಿನವನು "ಇನ್ನೂ ದೂರವಿದ್ದಾನೆ" ಎಂದುಕೊಂಡು ತಿರುಗಿಸುತ್ತಾನೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪ ಹಗಲಿನಲ್ಲಿಯೂ ತಾನಾಗಿ ಉರಿಯಬೇಕೆಂಬ ನಿಯಮ ಬಂದದ್ದು ಈ ಕಾರಣಕ್ಕೆ. ಆರಂಭದ ದಿನಗಳಲ್ಲಿ ದಾರಿಯಲ್ಲಿ ಹೋಗುವವರೆಲ್ಲ ಬೆರಳು ಮಡಚಿ ಬಿಚ್ಚಿ "ಲೈಟು, ಲೈಟು" ಎಂದು ಸವಾರನಿಗೆ ಸನ್ನೆ ಮಾಡುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಅಷ್ಟು ಕಾಳಜಿಯ ಜನ ತಿರುವಿನಲ್ಲಿ ಒಂದು ಕ್ಷಣ ಕಾಯಲು ಒಪ್ಪದಿರುವುದು ವಿಚಿತ್ರ.

ಪೇಟೆ ಬೀದಿಯಲ್ಲಿ ನಡೆಯುವ ಇನ್ನೊಂದು ಅನಾಹುತ ಕಾರಿನ ಬಾಗಿಲಿನದು. ಅಂಗಡಿಯೆದುರು ಕಾರು ನಿಲ್ಲಿಸಿದ ಚಾಲಕ ಬಲಬಾಗಿಲನ್ನು ಒಮ್ಮೆಲೇ ತೆರೆಯುತ್ತಾನೆ; ಹಿಂದಿನಿಂದ ಬಂದ ಸ್ಕೂಟರ್ ಬಾಗಿಲಿಗೆ ಬಡಿದು ಸವಾರ ಬಸ್ಸಿನ ಚಕ್ರದತ್ತ ಉರುಳುತ್ತಾನೆ. ಇದಕ್ಕೆ ಪರಿಹಾರ ಅತಿ ಸರಳ. ಬಲಬಾಗಿಲನ್ನು ಎಡಗೈಯಿಂದ ತೆರೆಯುವ ಅಭ್ಯಾಸ ಮಾಡಿಕೊಂಡರೆ ದೇಹ ತಾನಾಗಿ ಬಲಕ್ಕೆ ತಿರುಗುತ್ತದೆ, ಕಣ್ಣು ಹಿಂದಿನ ರಸ್ತೆಯನ್ನು ನೋಡಿಯೇ ನೋಡುತ್ತದೆ. ಒಂದು ವಾರದ ಅಭ್ಯಾಸ ಸಾಕು. ಹೈಬೀಮ್ ದೀಪದ ಪಿಡುಗಿನ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಎದುರಿನ ಸವಾರನ ಹೆಲ್ಮೆಟ್ ಗಾಜಿನ ಮೇಲೆ ಮಳೆಹನಿಗಳಿದ್ದಾಗ ಆ ಬೆಳಕು ಏನು ಮಾಡುತ್ತದೆಂದು ಒಮ್ಮೆ ಬೈಕ್ ಏರಿ ನೋಡಿದವರು ಮತ್ತೆ ಹೈಬೀಮ್ ಹಾಕಲಾರರು.

ಕಾರಿನ ಉಕ್ಕಿನ ಚೌಕಟ್ಟು ತನ್ನನ್ನು ಕಾಯುತ್ತದೆ ಎಂಬ ನೆಮ್ಮದಿಯೂ ಪೂರ್ತಿ ನಿಜವಲ್ಲ. 2022ರಲ್ಲಿ ಸೀಟ್ ಬೆಲ್ಟ್ ಧರಿಸದೆ ಸತ್ತವರು 16,715 ಮಂದಿ. ಅವರಲ್ಲಿ ಅರ್ಧದಷ್ಟು ಜನ ಪ್ರಯಾಣಿಕರು. ಅದೇ ವರ್ಷದ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅವರು ಮೃತರಾದಾಗ, ಹಿಂದಿನ ಆಸನದಲ್ಲಿದ್ದವರು ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು. ಉದ್ಯಮ ವಲಯದಲ್ಲಿ ಕೆಲವು ವಾರ ಆ ಚರ್ಚೆ ನಡೆಯಿತು; ಬಳಿಕ ಹಿಂದಿನ ಆಸನದ ಬೆಲ್ಟುಗಳು ಮತ್ತೆ ಸೀಟಿನ ಕವರಿನ ಕೆಳಗೆ ಸೇರಿದವು.

ಇಷ್ಟು ಹೇಳಿದ ಮಾತ್ರಕ್ಕೆ ಬೈಕ್ ಸವಾರ ನಿರ್ದೋಷಿಯಾಗುವುದಿಲ್ಲ. ದುರ್ಬಲನೆಂಬ ಕಾರಣಕ್ಕೆ ನಿಯಮದಿಂದ ವಿನಾಯಿತಿ ಇಲ್ಲ. ಕನ್ನಡಿಯನ್ನು ಕಳಚಿಟ್ಟು ಅಥವಾ ಸಂದಿಯಲ್ಲಿ ತೂರಲು ಒಳಕ್ಕೆ ಮಡಚಿ ಓಡಿಸುವುದು, ಮೊಬೈಲನ್ನು ಹೆಲ್ಮೆಟ್ ಮತ್ತು ಕೆನ್ನೆಯ ನಡುವೆ ಸಿಕ್ಕಿಸಿ ಮಾತನಾಡುವುದು, ಇಂಡಿಕೇಟರ್ ಹಾಕದೆ ಎಡದಂಚಿನಿಂದ ಬಲಕ್ಕೆ ಅಡ್ಡ ಹಾಯುವುದು ನಿತ್ಯದ ನೋಟ. ಹೆಲ್ಮೆಟ್ ವಿಷಯವಂತೂ ನಗೆಪಾಟಲಾಗಿದೆ. 2022ರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರ ಸಂಖ್ಯೆ 50,029. ಇವರಲ್ಲಿ 14,337 ಮಂದಿ ಹಿಂಬದಿಯಲ್ಲಿ ಕುಳಿತಿದ್ದವರು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಆದರೂ ಚೌಕದಲ್ಲಿ ಪೊಲೀಸರು ನಿಂತಿದ್ದಾರೆಯೇ ಎಂದು ನೋಡಿ ಧರಿಸುವ, ಉಳಿದ ಹೊತ್ತು ಮೊಣಕೈಗೆ ನೇತುಹಾಕಿಕೊಳ್ಳುವ ರೂಢಿ ಹೋಗಿಲ್ಲ. ತಲೆಯ ಅರ್ಧಭಾಗವನ್ನೂ ಮುಚ್ಚದ ಅಗ್ಗದ ಟೊಪ್ಪಿಗೆಯನ್ನು ಹೆಲ್ಮೆಟ್ ಎಂದು ಕರೆದು ದಂಡ ತಪ್ಪಿಸಿಕೊಳ್ಳುವವರೂ ಇದ್ದಾರೆ. ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟ್ ಪಟ್ಟಿಯಿಂದ ಬಿಗಿಯಾಗಿ ಕಟ್ಟಿರಬೇಕೆಂದೂ ಹೇಳುತ್ತದೆ. ಐಎಸ್ 4151 ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದು, ಮಾರುವುದು 2021ರ ಜೂನ್ 1ರಿಂದ ನಿಷಿದ್ಧ. ರಸ್ತೆ ಬದಿಯಲ್ಲಿ ರಾಶಿ ಹಾಕಿಕೊಂಡು ಇಂಥವನ್ನು ಮಾರುವವರು ವರ್ತಕರೇ, ಅವರಿಗೆ ಸಗಟು ಪೂರೈಸುವವರೂ ವರ್ತಕರೇ ಎಂಬುದನ್ನು ಇಲ್ಲಿ ಮುಚ್ಚಿಡುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸಾವಿರ ರೂಪಾಯಿಗೆ ಏರಿದ ಹೆಲ್ಮೆಟ್ ದಂಡವನ್ನು ಕರ್ನಾಟಕ ಅದೇ ಸೆಪ್ಟೆಂಬರ್‌ನಲ್ಲಿ ಐನೂರಕ್ಕೆ ಇಳಿಸಿತು. ಜನಪ್ರಿಯ ತೀರ್ಮಾನ, ಒಳ್ಳೆಯ ತೀರ್ಮಾನವೆಂದು ಹೇಳುವುದು ಕಷ್ಟ.

ಸವಾರರ ತಪ್ಪುಗಳಲ್ಲಿ ಒಂದನ್ನು ಮಾತ್ರ ಸಹಾನುಭೂತಿಯಿಂದ ನೋಡಬೇಕಾಗುತ್ತದೆ: ಏಕಮುಖ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬರುವುದು. ಅಪಾಯಕಾರಿ, ಕಾನೂನುಬಾಹಿರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರ್ಖಾನೆಯ ಗೇಟಿನೆದುರೇ ಊರಿನ ದಾರಿಯಿದ್ದು, ನಡುವೆ ವಿಭಜಕವಿದ್ದು, ತಿರುಗಲು ಎರಡು ಮೂರು ಕಿಲೋಮೀಟರ್ ಹೋಗಬೇಕಾದಾಗ ಹತ್ತರಲ್ಲಿ ಹಲವರು ನೂರು ಮೀಟರ್ ತಪ್ಪು ದಾರಿಯನ್ನೇ ಆರಿಸಿಕೊಳ್ಳುತ್ತಾರೆ. ಇದು ಸವಾರನ ತಪ್ಪಿನಷ್ಟೇ ರಸ್ತೆಯ ನಕ್ಷೆ ಬರೆದವರ ತಪ್ಪು. ಬೆಂಗಳೂರು–ಮೈಸೂರು ಹೆದ್ದಾರಿಯ ಉದಾಹರಣೆ ಇಲ್ಲಿ ಪ್ರಸ್ತುತ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಸುಮಾರು 118 ಕಿ.ಮೀ. ಉದ್ದದ ಈ ಮಾರ್ಗದಲ್ಲಿ ಅಪಘಾತಗಳು ಹೆಚ್ಚಿದ ಕಾರಣ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯಪಥದಿಂದ ಹೊರಗಿಡಲಾಯಿತು. ನೂರರ ವೇಗದ ಕಾರಿನ ಜೊತೆ ಐವತ್ತರ ವೇಗದ ಬೈಕನ್ನು ಬಿಡುವುದು ಯಾರಿಗೂ ಹಿತವಲ್ಲವಾದ್ದರಿಂದ ಕ್ರಮ ಸಮರ್ಥನೀಯ. ಆದರೆ ಬಿಡದಿಯ ಕಾರ್ಖಾನೆಗೆ ಹೋಗುವ ಕೆಲಸಗಾರನಿಗೂ ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ರೈತನಿಗೂ ಉಳಿದದ್ದು ಸರ್ವೀಸ್ ರಸ್ತೆ. ಅದು ಎಲ್ಲೆಡೆ ಅಖಂಡವಾಗಿಲ್ಲ ಎಂಬ ದೂರು ನಿಷೇಧದ ಸಂದರ್ಭದಲ್ಲಿಯೇ ಕೇಳಿಬಂದಿತ್ತು. ವೇಗದವರಿಗೆ ಆರು ಪಥ ಕೊಟ್ಟ ಮೇಲೆ ನಿಧಾನದವರಿಗೆ ಒಂದು ನೇರ ಪಥವನ್ನಾದರೂ ಕೊಡುವುದು ಹೊಣೆ ಹಂಚಿಕೆಯ ಭಾಗವೇ ಆಗಿದೆ.

ಈವರೆಗೆ ಹೇಳಿದ್ದು ರಸ್ತೆಯ ಮೇಲಿರುವ ಇಬ್ಬರ ಮಾತು. ರಸ್ತೆಯ ಮೇಲೆ ಕಾಣದ ಮೂರನೆಯ ಪಾಲುದಾರನೊಬ್ಬನಿದ್ದಾನೆ. ಅವನು ವರ್ತಕ.

ಹಾರ್ಡ್‌ವೇರ್ ಅಂಗಡಿಯಲ್ಲಿ ಹತ್ತು ಅಡಿಯ ಪಿವಿಸಿ ಪೈಪು ಕೊಂಡ ಗಿರಾಕಿ ಅದನ್ನು ಬೈಕಿನ ಮೇಲೆಯೇ ಒಯ್ಯುತ್ತೇನೆ ಎನ್ನುತ್ತಾನೆ. ಅಂಗಡಿಯ ಹುಡುಗ ಹಗ್ಗ ತಂದು ಅಡ್ಡಲಾಗಿಯೋ ಉದ್ದಕ್ಕೋ ಕಟ್ಟಿಕೊಡುತ್ತಾನೆ. ಹಿಂದೆ ಬರುವ ಕಾರಿನವನಿಗೆ ಮಬ್ಬುಗತ್ತಲಲ್ಲಿ ಆ ಪೈಪಿನ ತುದಿ ಕಾಣದಿದ್ದರೆ ತಪ್ಪು ಯಾರದು? ಕಟ್ಟಿಕೊಟ್ಟ ಹಗ್ಗದಲ್ಲಿ ಅಂಗಡಿಯವನದೂ ಒಂದು ಗಂಟು ಇದೆ. ಸೇಲ್ಸ್‌ಮನ್‌ನ ಬೈಕಿನ ಟ್ಯಾಂಕಿನ ಮೇಲೆ ಒಂದು ಪೆಟ್ಟಿಗೆ, ಹಿಂದೆ ಎರಡು ಪೆಟ್ಟಿಗೆ ಹೇರಿ, ಹ್ಯಾಂಡಲ್ ಪೂರ್ತಿ ತಿರುಗದಂತೆ ಮಾಡಿ ಇಪ್ಪತ್ತು ಅಂಗಡಿಗಳಿಗೆ ಕಳಿಸುವ ವಿತರಕನ ವಿಷಯವೂ ಇಷ್ಟೇ. "ನಾಲ್ಕು ಗಂಟೆಯೊಳಗೆ ಮಾಲು ಮುಟ್ಟದಿದ್ದರೆ ಬಿಲ್ಲಿನಲ್ಲಿ ಕಡಿತ" ಎಂದು ಫೋನಿನಲ್ಲಿ ಗದರಿಸುವ ಖರೀದಿದಾರ, ಐದು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಮುರಿಯುವ ಮೇಲ್ವಿಚಾರಕ, ಇವರಿಬ್ಬರ ಗಡಿಯಾರ ಬೈಕಿನ ವೇಗಮಾಪಕಕ್ಕೆ ಜೋಡಿಸಲ್ಪಟ್ಟಿರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ವಾಹನ ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಅಪಾಯ ಕಂಡು ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡು ಬೇಕಾದರೆ, ಬ್ರೇಕ್ ಕೆಲಸ ಆರಂಭಿಸುವ ಮುನ್ನವೇ 25 ಮೀಟರ್ ಕಳೆದಿರುತ್ತದೆ. ನಿಲ್ಲಲು ಮತ್ತೆ ಸುಮಾರು 20 ಮೀಟರ್ ಬೇಕು. 40ರ ವೇಗದಲ್ಲಿ ಇವೆರಡೂ ಸೇರಿ 26 ಮೀಟರ್ ಆಸುಪಾಸು. ಹತ್ತು ಕಿಲೋಮೀಟರಿನ ದಾರಿಯಲ್ಲಿ 40 ಮತ್ತು 60ರ ನಡುವಣ ಉಳಿತಾಯ ಲೆಕ್ಕದಲ್ಲಿ ಐದು ನಿಮಿಷ. ಸಿಗ್ನಲ್, ಗುಂಡಿ, ಉಬ್ಬುಗಳಿರುವ ಊರೊಳಗೆ ಅದೂ ಸಿಗುವುದಿಲ್ಲ.

ಪೇಟೆಯ ಅಂಗಡಿಗಳ ಬಗ್ಗೆಯೂ ಒಂದು ಮಾತು. ಪಾದಚಾರಿ ಮಾರ್ಗದ ಮೇಲೆ ಸರಕು ಹರಡಿದಾಗ ಪಾದಚಾರಿ ರಸ್ತೆಗಿಳಿಯುತ್ತಾನೆ, ಅವನನ್ನು ತಪ್ಪಿಸಲು ಬೈಕಿನವನು ನಡುರಸ್ತೆಗೆ ಬರುತ್ತಾನೆ, ಬೈಕಿನವನನ್ನು ತಪ್ಪಿಸಲು ಕಾರಿನವನು ಎದುರು ಬದಿಗೆ ಹೊರಳುತ್ತಾನೆ. ಸಂಜೆ ಏಳಕ್ಕೆ ಅಂಗಡಿಯ ಮುಂದೆ ಲಾರಿ ನಿಲ್ಲಿಸಿ ಮಾಲು ಇಳಿಸಿದಾಗಲೂ ಆಗುವುದು ಇದೇ. ಇದೇ ವರ್ತಕರು ಸಭೆಗಳಲ್ಲಿ ಸಂಚಾರ ಪೊಲೀಸರ ವೈಫಲ್ಯದ ಕುರಿತು ಮನವಿ ಸಲ್ಲಿಸುತ್ತಾರೆ.

ನೀತಿಯ ಮಾತು ರುಚಿಸದವರಿಗೆ ಕಾನೂನಿನ ಮಾತು ಹೇಳಬಹುದು. 2003ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ ಬೆಳಗಿನ ಜಾವ ಮೂರು ಗಂಟೆಯ ಪಾಳಿಗೆ ಬೈಕಿನಲ್ಲಿ ಹೊರಟಿದ್ದ. ಕಾರ್ಖಾನೆ ಇನ್ನು ಐದು ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ಸತ್ತ. ಕೆಲಸದ ಸ್ಥಳದಲ್ಲಿ ಆದ ಸಾವಲ್ಲ ಎಂಬ ಕಾರಣಕ್ಕೆ ಉಚ್ಚ ನ್ಯಾಯಾಲಯ ಪರಿಹಾರವನ್ನು ತಳ್ಳಿಹಾಕಿತು. 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಬದಿಗಿರಿಸಿ, ಮನೆಯಿಂದ ಕೆಲಸಕ್ಕೆ ಹೋಗುವ ಪ್ರಯಾಣದಲ್ಲಾದ ಅಪಘಾತವೂ ಸಮಯ, ಸ್ಥಳ, ಸಂದರ್ಭಗಳ ನಂಟಿದ್ದರೆ ಉದ್ಯೋಗದ ಅವಧಿಯಲ್ಲಿ ಆದದ್ದೇ ಎಂದು ಹೇಳಿತು. ಕುಟುಂಬ ಕಾದದ್ದು 22 ವರ್ಷ. ಇಎಸ್‌ಐ ಕಾಯ್ದೆಗೆ ಇದೇ ಅರ್ಥದ ನಿಯಮ 2010ರಲ್ಲಿಯೇ ಸೇರಿತ್ತು; 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ತತ್ತ್ವವನ್ನು ಒಪ್ಪಿದೆ. ಎಂದಮೇಲೆ ಮಾಲೀಕನ ಹೊಣೆ ಗೇಟಿಗೆ ಮುಗಿಯಿತು ಎಂಬ ಹಳೆಯ ನಂಬಿಕೆಗೆ ಕಾನೂನಿನ ಆಧಾರವೂ ಉಳಿದಿಲ್ಲ. ಇಎಸ್‌ಐ ವ್ಯಾಪ್ತಿಗೆ ಬಾರದ ಸಣ್ಣ ಘಟಕಗಳವರು ತಮ್ಮ ನೌಕರರ ಪರಿಹಾರ ವಿಮೆಯಲ್ಲಿ ಹೋಗಿಬರುವ ಪ್ರಯಾಣ ಸೇರಿದೆಯೇ ಎಂದು ಪಾಲಿಸಿ ತೆಗೆದು ಓದುವುದು ಒಳಿತು.

ಅಪಘಾತವಾದ ಮೇಲಿನ ನಡವಳಿಕೆಯಲ್ಲಿಯೂ ಸುಧಾರಣೆಗೆ ಎಡೆಯಿದೆ. ಡಿಕ್ಕಿ ಹೊಡೆದ ಕಾರಿನವನು ಜನ ಸೇರುವ ಭಯಕ್ಕೆ ಓಡಿಹೋಗುತ್ತಾನೆ. ಸೇರಿದ ಜನ, ತಪ್ಪು ಬೈಕಿನವನದಾಗಿದ್ದರೂ ದೊಡ್ಡ ವಾಹನದವನನ್ನೇ ಹಿಡಿದು ಹೊಡೆಯುತ್ತಾರೆ. ಈ ನಡುವೆ ಗಾಯಾಳು ಬಿದ್ದಿರುತ್ತಾನೆ. ಗಾಯಾಳುವಿಗೆ ವೈದ್ಯಕೀಯ ನೆರವು ದೊರಕಿಸುವುದು ಚಾಲಕನ ಕರ್ತವ್ಯವೆಂದು ಕಾಯ್ದೆಯ 134ನೇ ಕಲಮು ವಿಧಿಸುತ್ತದೆ. ಸದ್ಭಾವನೆಯಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲವೆಂದು 2019ರಲ್ಲಿ ಸೇರಿದ 134ಎ ಕಲಮು ರಕ್ಷಣೆ ಕೊಡುತ್ತದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರ ಯೋಜನೆಯ ಪ್ರಕಾರ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯೊಳಗೆ, ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಹೆದ್ದಾರಿ ಬದಿಯ ಅಂಗಡಿ, ಹೋಟೆಲು, ಪೆಟ್ರೋಲ್ ಬಂಕುಗಳವರಿಗೆ ಇವು ಬಾಯಿಪಾಠವಾಗಿರಬೇಕು. ಅಪಘಾತದ ಸ್ಥಳಕ್ಕೆ ಮೊದಲು ಓಡಿ ಬರುವವರು ಅವರೇ.

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಮತ್ತು ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಾಗ ವಾಹನ ವ್ಯಾಪಾರಿಗಳು ಸ್ವಾಗತಿಸಿದರು, ಸ್ವಾಗತಾರ್ಹವೂ ಹೌದು. ಆದರೆ ವಾಹನಗಳು ಅಗ್ಗವಾದಾಗ ಅವು ಇಳಿಯುವ ರಸ್ತೆ ಅಗಲವಾಗುವುದಿಲ್ಲ. ಅಗಲವಾಗುವವರೆಗೆ ಕಾಯದೆ ಘಟಕದ ಮಟ್ಟದಲ್ಲಿಯೇ ಮಾಡಬಹುದಾದ ಕೆಲಸಗಳಿವೆ. ಬೋನಸ್ ಹೊತ್ತಿಗೆ ಕೊಡುವ ಸ್ಟೀಲ್ ಪಾತ್ರೆಯ ಬದಲು ಒಂದು ವರ್ಷ ಐಎಸ್‌ಐ ಗುರುತಿನ ಎರಡು ಹೆಲ್ಮೆಟ್ ಕೊಡಬಹುದು, ಒಂದು ನೌಕರನಿಗೆ, ಒಂದು ಅವನ ಹೆಂಡತಿಗೆ. ಗೇಟಿನ ಕಾವಲುಗಾರ ಹೊರಗೆ ಹೋಗುವವರ ಚೀಲ ತಪಾಸಣೆ ಮಾಡುವಷ್ಟೇ ನಿಷ್ಠೆಯಿಂದ ಹೆಲ್ಮೆಟ್ ಪಟ್ಟಿ ಕಟ್ಟಿದೆಯೇ ಎಂದೂ ನೋಡಬಹುದು. ಅದೇ ಗೇಟಿನಲ್ಲಿ ಮಾಲೀಕರ ಕಾರಿನ ಸೀಟ್ ಬೆಲ್ಟನ್ನೂ ನೋಡುವ ಅಧಿಕಾರ ಅವನಿಗಿದ್ದರೆ ನೌಕರರು ಗೊಣಗುವುದಿಲ್ಲ. ಪೈಪು, ಸರಳು ಮಾರುವವರು ಊರೊಳಗಿನ ಗಿರಾಕಿಗೆ ಲಗೇಜ್ ಆಟೋದ ಬಾಡಿಗೆಯನ್ನು ಬಿಲ್ಲಿನಲ್ಲೇ ಸೇರಿಸಿ ಕಳಿಸಬಹುದು.

ಎಲ್ಲಕ್ಕಿಂತ ಸುಲಭವಾದದ್ದು ಪಾಳಿ ಬಿಡುವ ವೇಳೆಯ ಹೊಂದಾಣಿಕೆ. ಒಂದೇ ರಸ್ತೆಯ ನಾಲ್ಕೈದು ಘಟಕಗಳು ಸಂಜೆ ಅದೇ ನಿಮಿಷಕ್ಕೆ ಗೇಟು ತೆರೆಯಬೇಕೆಂಬ ನಿಯಮವೇನೂ ಇಲ್ಲ. ನೆರೆಯ ಮಾಲೀಕರು ಒಮ್ಮೆ ಕುಳಿತು ಹದಿನೈದು ಹದಿನೈದು ನಿಮಿಷ ಹಿಂದುಮುಂದು ಮಾಡಿಕೊಂಡು, ಕೆಲಸದ ವೇಳೆಯ ಬದಲಾವಣೆಯನ್ನು ಸಂಬಂಧಿಸಿದ ಇಲಾಖೆಗೆ ಲಿಖಿತವಾಗಿ ತಿಳಿಸಿದರೆ ಮುಗಿಯಿತು. ಖರ್ಚು ಒಂದು ಅರ್ಜಿಯದು. ಗೇಟಿನ ಎದುರಿನ ಬೀದಿದೀಪ ಉರಿಯುತ್ತಿಲ್ಲವಾದರೆ ಅದೇ ಸಭೆಯಲ್ಲಿ ಇನ್ನೊಂದು ಅರ್ಜಿಗೂ ಸಹಿ ಹಾಕಬಹುದು.